ಬಂಗಡೆ ಬಂದ, ಮೋರಿ ಬಂದಳು

ಸುಮಲತಾ ಅಕ್ಕೋರು ನಾಲ್ಕನೇ ತರಗತಿಯ ಮಕ್ಕಳ ಕೈಗೆ ತಮ್ಮ ಮೊಬೈಲ್ ಕೊಟ್ಟ ದಿನ ನಾನು ಅವರೊಡನೆ ಜಗಳವಾಡಿದ್ದೆ.

ನಮ್ಮದು ಇಬ್ಬರೇ ಶಿಕ್ಷಕಿಯರ ಸರ್ಕಾರಿ ಶಾಲೆ. ಸದಾಶಿವಗಡದಿಂದ ಮಾಜಾಳಿಯ ಕಡೆ ಹೋಗುವಾಗ ಹೆದ್ದಾರಿ ಬಿಟ್ಟು ಎಡಕ್ಕೆ ಇಳಿದರೆ ಗಾಳಿಮರಗಳ ಸಾಲು, ಅದರಾಚೆ ಮೀನು ಒಣಹಾಕುವ ಬಯಲು, ಬಯಲಿನ ತುದಿಗೆ ಶಾಲೆ. ಒಂದರಿಂದ ಮೂರರ ತನಕದ ನಲಿ-ಕಲಿ ಮಕ್ಕಳು ನನ್ನ ಪಾಲಿಗೆ, ನಾಲ್ಕು ಮತ್ತು ಐದು ಸುಮಲತಾ ಅವರ ಪಾಲಿಗೆ. ಹಿರಿಯಳೆಂಬ ಕಾರಣಕ್ಕೆ ಮುಖ್ಯ ಶಿಕ್ಷಕಿಯ ಹೊಣೆಯೂ ನನ್ನ ತಲೆಯ ಮೇಲೇ ಇತ್ತು. ಹಾಗಾಗಿ ನಾನು ಅಂದು ಬಾಗಿಲಲ್ಲೇ ನಿಂತು ಕೇಳಿದೆ.

"ಎಂತ ಇದು ಸುಮಲತಾ? ಮನೇಲಿ ಮೊಬೈಲ್ ಹಿಡ್ಕಂಡು ಹಾಳಾಗ್ತಾವೆ ಹೇಳಿ ಪಾಲಕರ ಸಭೇಲಿ ನಾವೇ ಬೈದು ಕಳ್ಸಿದ್ದು. ಈಗ ನೀವೇ ಕೊಡ್ತ್ರಾ?"

"ನೋಡೂಕೆ ಕೊಡ್ಲಿಲ್ಲ ನಾಗಶ್ರೀ ಅಕ್ಕೋರೆ, ಮಾತಾಡೂಕೆ ಕೊಟ್ಟೆ," ಎಂದರು. ಹೇಳಿದ್ದು ಮೆಲ್ಲಗೆ. ಆದರೆ ಮೊಬೈಲನ್ನು ಮಕ್ಕಳ ಕೈಯಿಂದ ವಾಪಸು ತೆಗೆದುಕೊಳ್ಳಲಿಲ್ಲ.

ಅವರ ಸ್ವಭಾವವೇ ಹಾಗೆ. ದನಿ ಏರಿಸುವುದಿಲ್ಲ, ಹಿಡಿದದ್ದನ್ನು ಬಿಡುವುದೂ ಇಲ್ಲ. ಹುಟ್ಟಿದ್ದು ಅಂಕೋಲಾ ತಾಲೂಕಿನ ಬೇಲೇಕೇರಿಯ ದಂಡೆಯಲ್ಲಿ, ಮೀನುಗಾರರ ಮನೆಯಲ್ಲಿ. ತಂದೆ ಬೇಗ ತೀರಿಕೊಂಡಿದ್ದರು. ತಾಯಿ ಬೇಬಿ ಅಂಕೋಲೆಯ ಪೇಟೆಯಲ್ಲಿ ಮೀನು ಮಾರಿ ಮೂವರು ಹೆಣ್ಣುಮಕ್ಕಳನ್ನು ಓದಿಸಿದರು. ಹಿರಿಯ ಮಗಳು ಸುಮಲತಾ ಓದಿನಲ್ಲಿ ಮುಂದೆ, ಮಾತಿನಲ್ಲಿ ಹಿಂದೆ. ಮನೆಯ ಮಾತು ಕೊಂಕಣಿ. ಶಾಲೆಯ ಕನ್ನಡ ಬರೆಯಲು ಬರುತ್ತಿತ್ತು, ಆಡಲು ನಾಚಿಕೆ. ಹೈಸ್ಕೂಲಿನ ಭಾಷಣ ಸ್ಪರ್ಧೆಯಲ್ಲಿ ವೇದಿಕೆ ಹತ್ತಿ, ಹಿಂದಿನ ಬೆಂಚಿನ ಹುಡುಗಿಯರು ನಕ್ಕದ್ದು ಕಂಡು, ಒಂದು ಮಾತೂ ಆಡದೆ ಇಳಿದು ಬಂದರಂತೆ. ಆಮೇಲೆ ಉತ್ತರ ಗೊತ್ತಿದ್ದರೂ ಕೈ ಎತ್ತದೆ ಓದು ಮುಗಿಸಿದರು. ಟೀಚರ್ಸ್ ಟ್ರೇನಿಂಗಿನಲ್ಲಿ ಪಾಠ ಮಾಡಲೇಬೇಕಾಗಿ ಬಂದಾಗ, ಬೇಲೇಕೇರಿಯ ಬಂಡೆಗಳ ಮೇಲೆ ನಿಂತು ಅಲೆಗಳಿಗೆ ಪಾಠ ಹೇಳಿ ಹೇಳಿ ನಾಲಿಗೆ ಪಳಗಿಸಿಕೊಂಡರು.

"ಮಕ್ಳು ಕಾಪಿ ಪುಸ್ತಕದಲ್ಲಿ ಎಲ್ಲಾ ಸರಿ ಬರೀತಾವೆ, ಕೇಳಿದ್ರೆ ಗೋಡೆ ನೋಡ್ತಾವೆ. ನನ್ ಹಾಗೇ ಬಾಯಿ ಮುಚ್ಕಂಡು ಪಾಸಾಗಿ ಹೋದ್ರೆ ಎಂತಾ ಸುಖ?" ಎಂದು ಊಟದ ಹೊತ್ತಿಗೆ ಒಮ್ಮೆ ನನ್ನಲ್ಲಿ ಹೇಳಿದ್ದರು.

ಮೊಬೈಲಿನ ಯೋಚನೆ ಹುಟ್ಟಿದ್ದು ಕೊರೋನಾ ಕಾಲದಲ್ಲಿ. ಆಗ ಸುಮಲತಾ ಸದಾಶಿವಗಡದ ತಮ್ಮ ಬಾಡಿಗೆ ಮನೆಯ ಅಡಿಗೆ ಕೋಣೆಯಲ್ಲಿ ಪಾಠ ಮಾಡುವುದು, ಗೋವೆಯ ಕಾರ್ಖಾನೆಗೆ ಹೋಗಿ ಬರುವ ಗಂಡ ರವಿಕಿರಣ ಅದನ್ನು ಚಿತ್ರೀಕರಿಸುವುದು, ಆಮೇಲೆ ಪಾಲಕರ ಫೋನಿಗೆ ಕಳಿಸುವುದು. ಬಹಳ ಕಷ್ಟಪಟ್ಟು ಮಾಡಿದ ಪಾಠಗಳು. ಶಾಲೆ ಮತ್ತೆ ತೆರೆದ ಮೇಲೆ ಅವರು ಆಸೆಯಿಂದ ಕೇಳಿದರು, ಯಾವ ಪಾಠ ಇಷ್ಟವಾಯಿತು ಎಂದು. ಮಕ್ಕಳಿಗೆ ನೆನಪಿದ್ದದ್ದು ಒಂದೇ: ಪಾಠದ ನಡುವೆ ಒಂದು ಏಡಿ ಚೀಲದಿಂದ ತಪ್ಪಿಸಿಕೊಂಡು ಬಂದು ಅಕ್ಕೋರು ಕಿರುಚಿದ್ದು.

"ಅಂದ್ರೆ ನಾ ಹೇಳಿದ್ದು ಒಂದೂ ತಲೆಗೆ ಹೋಗ್ಲಿಲ್ಲ. ಯಾಕೆ ಹೇಳಿ? ಪಾಠದಲ್ಲಿ ಅವ್ರಿಗೆ ಕೆಲ್ಸವೇ ಇರ್ಲಿಲ್ಲ," ಎಂದರು. ಬೇಸರಪಟ್ಟು ಕೂರಲಿಲ್ಲ. ಆ ವಾರವೇ ಮೊಬೈಲು ಮಕ್ಕಳ ಕೈ ಸೇರಿತು. ಒಬ್ಬರು ಹೇಳುವುದು, ಒಬ್ಬರು ಹಿಡಿಯುವುದು. ತಾವು ಕಲಿತದ್ದನ್ನು ತಮ್ಮ ಮನೆ, ತಮ್ಮ ದಂಡೆ, ತಮ್ಮ ಅಂಗಳದಲ್ಲಿ ತೋರಿಸುತ್ತಾ ಕನ್ನಡದಲ್ಲಿ ಹೇಳಬೇಕು. ಅದಕ್ಕೆ ವ್ಲಾಗ್ ಎನ್ನುತ್ತಾರೆಂದು ನನಗೆ ತಿಳಿಸಿದ್ದು ಐದನೇ ತರಗತಿಯ ಮಕ್ಕಳೇ.

ನನ್ನ ಸಿಟ್ಟು ಇಳಿದದ್ದು ಕಿಶನನಿಂದ. ಕಿಶನ ಎಂದರೆ ಪುಸ್ತಕ ತೆರೆದ ಕೂಡಲೇ ಆಕಳಿಸುವ ಹುಡುಗ. ಅವನು ನೀರು ಆವಿಯಾಗುವುದನ್ನು ತೋರಿಸಲು ಹೊರಟಿದ್ದ. ಕಡಲ ಬಂಡೆಯ ಗುಂಡಿಯಲ್ಲಿ ನಿಂತ ನೀರು, ಒಣಗಿದ ಮೇಲೆ ಉಳಿದ ಉಪ್ಪಿನ ಬಿಳಿ ಗೆರೆ, ಎಲ್ಲವನ್ನೂ ಚೆನ್ನಾಗಿ ತೋರಿಸಿದ. "ಹೀಗೆ ನೀರು ಆವಿ ಆಗಿ ಹೋಯ್ತದೆ," ಎಂದ. ಮೊಬೈಲ್ ಹಿಡಿದ ಹುಡುಗಿ ಸುಮ್ಮನಿರದೆ ಕೇಳಿಬಿಟ್ಟಳು: "ಎಲ್ಲಿಗೆ ಹೋಯ್ತದೆ?" ಕಿಶನ "ನಿಲ್ಸು, ನಿಲ್ಸು" ಎಂದು ಕೈಬೀಸಿ ಓಡಿದ. ಎಲ್ಲಿಗೆ ಎಂದುಕೊಂಡಿರಿ? ತರಗತಿಗೆ, ಪುಸ್ತಕ ಹುಡುಕಲು. ಯಾರೂ ಬೈಯದೆ, ಯಾರೂ ಹೇಳದೆ ಅವನು ಪಾಠ ಓದುತ್ತಿದ್ದುದನ್ನು ನಾನು ಕಿಟಕಿಯಿಂದ ನೋಡಿದೆ. ಮರುದಿನ ಮತ್ತೆ ಬಂಡೆಯ ಹತ್ತಿರ ಹೋಗಿ, ಮೊದಲಿನಿಂದ ಹೇಳಿ, ಆ ಪ್ರಶ್ನೆಯನ್ನು ಮತ್ತೆ ಕೇಳಿಸಿಕೊಂಡು ಉತ್ತರಿಸಿದ.

ಬರೆದದ್ದನ್ನು ಇನ್ನೊಮ್ಮೆ ಬರೆ ಎಂದರೆ ಅಳುವ ಮಕ್ಕಳು ವಿಡಿಯೋ ಸರಿಯಾಗಲಿಲ್ಲವೆಂದು ತಾವಾಗಿ ಮತ್ತೆ ಮತ್ತೆ ಮಾಡುತ್ತಿದ್ದರು. ಸುಮಲತಾ ಅದನ್ನೇ ಪಾಠವಾಗಿಸಿಕೊಂಡರು. ಹೇಳುವ ಮೊದಲು ಮೂರು ಸಾಲು ಬರೆಯಬೇಕು. ಹೇಳಿದ ಮೇಲೆ ಉಳಿದವರು ಒಂದು ಪ್ರಶ್ನೆ ಕೇಳಬೇಕು. ಉತ್ತರ ಬಾರದಿದ್ದರೆ ತಪ್ಪಿಲ್ಲ, ಹುಡುಕಿ ಬರಬೇಕು. ಯೂಟ್ಯೂಬಿನಲ್ಲಿ ಒಂದು ಚಾನೆಲ್ಲೂ ಆಯಿತು. ಊರವರು ನೋಡಿದರು, ಗೋವೆಗೆ ದುಡಿಯಲು ಹೋಗುವ ಅಪ್ಪಂದಿರು ಬಸ್ಸಿನಲ್ಲಿ ಕೂತು ನೋಡಿದರು. ತಮ್ಮ ಮಕ್ಕಳ ಬಾಯಲ್ಲಿ ಕನ್ನಡ ಕೇಳಿ ಹಿಗ್ಗಿದರು. ಅನಂತರ ಎಲ್ಲೆಲ್ಲಿಯವರೋ ನೋಡತೊಡಗಿದರು.

ಎರಡನೇ ವರ್ಷ ಪ್ರಗತಿ ನಾಲ್ಕನೇ ತರಗತಿಗೆ ಬಂದಳು. ರಂಪಣಿ ಬಲೆ ಎಳೆಯುವ ಪುಂಡಲೀಕನ ಮಗಳು. ಮನೆಯಲ್ಲೂ ಕೇರಿಯಲ್ಲೂ ಕೊಂಕಣಿಯೇ. ನನ್ನ ತರಗತಿಯಲ್ಲಿ ಮೂರು ವರ್ಷ ಕೂತು ಅವಳು ಕನ್ನಡದಲ್ಲಿ ನನಗೆ ಹೇಳಿದ್ದು 'ಹೌದು', 'ಇಲ್ಲ', ಮತ್ತು 'ನೀರು ಕುಡೂಕೆ ಹೋಗ್ಲಾ'. ಸುಮಲತಾ ಅವಳಿಗೆ ಒತ್ತಾಯ ಮಾಡಲಿಲ್ಲ. ಬೇರೆಯವರು ಮಾತಾಡುವಾಗ ಮೊಬೈಲ್ ಹಿಡಿಯುವ ಕೆಲಸ ಕೊಟ್ಟರು. ಮಳೆಗಾಲ ಮುಗಿಯುವ ತನಕ ಅವಳು ಬರೀ ಹಿಡಿದಳು. ದಸರೆ ರಜೆ ಕಳೆದು ಬಂದವಳು ಒಂದು ದಿನ ಅಕ್ಕೋರ ಸೆರಗು ಎಳೆದು, "ನಾ ಹೇಳ್ತೆ," ಎಂದಳು.

ಅವಳು ಆರಿಸಿಕೊಂಡದ್ದು ಭಾಗಾಕಾರ. ರಂಪಣಿ ಬಲೆ ಎಂದರೆ ದಂಡೆಯಿಂದಲೇ ಊರವರೆಲ್ಲ ಸೇರಿ ಎಳೆಯುವ ದೊಡ್ಡ ಬಲೆ. ಬಿದ್ದ ಮೀನನ್ನು ಎಳೆದವರೆಲ್ಲ ಪಾಲು ಮಾಡಿಕೊಳ್ಳುತ್ತಾರೆ. ಆ ಪಾಲನ್ನೇ ಅವಳು ಲೆಕ್ಕವಾಗಿ ತೋರಿಸಿದಳು. ಶಾಲೆಯ ಕಪ್ಪುಹಲಗೆಯ ಮೇಲೆ ಶೇಷ ಎಂದರೆ ಏನೆಂದು ತಿಳಿಯದವಳು, ದಂಡೆಯ ಮರಳಿನಲ್ಲಿ ಮೀನಿನ ಗುಂಪು ಹಾಕಿ, "ಎಲ್ರಿಗೂ ಕೊಟ್ಟ ಮೇಲೆ ಉಳಿದದ್ದು ಇದು. ಇದು ಶೇಷ. ಇದು ಕಾಗೆಗೆ," ಎಂದಳು. ಅದರ ಮೊದಲು, ಬಲೆಯಲ್ಲಿ ಏನೇನು ಸಿಕ್ಕಿತೆಂದು ಹೇಳುವಾಗ, ಮುಖವೆಲ್ಲ ಅರಳಿಸಿಕೊಂಡು ಹೇಳಿದ ಮಾತು ಹೀಗಿತ್ತು: "ಮೊದಲು ಬಂಗಡೆ ಬಂದ. ಆಮೇಲೆ ಮೋರಿ ಬಂದಳು. ಸಿಗಡಿ ಬಂತು."

ಮೋರಿ ಎಂದರೆ ನಮ್ಮ ಕಡೆ ಸಣ್ಣ ಜಾತಿಯ ಶಾರ್ಕ್ ಮೀನು. ಸುಮಲತಾ ನಕ್ಕು, ಮಾತು ತಿದ್ದದೆ ಹಾಗೆಯೇ ಚಾನೆಲ್ಲಿಗೆ ಹಾಕಿದರು. ಮೊದಲ ಬಾರಿ ಬಾಯಿ ತೆರೆದ ಮಗು, ಈಗಲೇ ತಿದ್ದುವುದು ಬೇಡವೆಂದುಕೊಂಡರು.

ಎಂಟು ದಿನವೂ ಆಗಿರಲಿಲ್ಲ. ಯಾರೋ ಆ ಒಂದು ಮಾತನ್ನಷ್ಟೇ ಕತ್ತರಿಸಿ, ಹಿಂದೆ ಡೋಲಿನ ಸದ್ದು ಸೇರಿಸಿ, ಮತ್ತೆ ಮತ್ತೆ ತಿರುಗುವಂತೆ ಮಾಡಿ ಹರಿಯಬಿಟ್ಟರು. ಬಂಗಡೆ ಬಂದ, ಬಂಗಡೆ ಬಂದ, ಮೋರಿ ಬಂದಳು. ಅದಕ್ಕೊಂದು ಮೀಸೆಯ ಮೀನು, ಸೀರೆಯ ಮೀನಿನ ಚಿತ್ರ. ಕಾರವಾರದಲ್ಲಿ ಫೋನಿದ್ದವರೆಲ್ಲ ನೋಡಿದರು. ಕೆಳಗೆ ಜನ ಬರೆದದ್ದನ್ನು ಇಲ್ಲಿ ಹೇಳುವುದು ಬೇಡ. ಕನ್ನಡ ಬಾರದ ಶಿಕ್ಷಕಿ ಕಲಿಸಿದರೆ ಇನ್ನೇನಾಗುತ್ತದೆ ಎಂದವರೂ ಇದ್ದರು.

ಪ್ರಗತಿ ಅಂಗಡಿಗೆ ಹೋದರೆ ಹುಡುಗರು "ಬಂಗಡೆ ಬಂದ" ಎಂದು ಕೂಗಿದರು. ಶಾಲೆಗೆ ಬರುವುದು ನಿಂತಿತು. ಮೂರನೆಯ ದಿನ ಪುಂಡಲೀಕ ಬಂದ. ಬಲೆಯ ಹಗ್ಗ ಎಳೆದು ಒರಟಾದ ಕೈಗಳನ್ನು ಮೇಜಿನ ಮೇಲೆ ಊರಿ ನಿಂತ. ಹಿಂದೆ ಇನ್ನೂ ಕೆಲವು ಪಾಲಕರಿದ್ದರು.

"ನಮ್ ಹುಡ್ಗಿ ಬಾಯಿ ಊರಿಗೆಲ್ಲಾ ಆಟ ಆಗೋಯ್ತು ಅಕ್ಕೋರೆ. ಮನೇಲಿ ಈಗ ಕೊಂಕಣಿಯೂ ಮಾತಾಡೂದಿಲ್ಲ. ಇದ್ಕಾ ನಾವು ಶಾಲೆಗೆ ಕಳ್ಸಿದ್ದು?"

ನಾನು ಏನೋ ಸಮಾಧಾನ ಹೇಳಹೋದೆ. ಕತ್ತರಿಸಿದವರು ಬೇರೆಯವರು, ನಮ್ಮ ತಪ್ಪೇನಿದೆ ಎಂದೆ. ಸುಮಲತಾ ನನ್ನನ್ನು ತಡೆದರು.

"ಅಲ್ಲ. ಎಲ್ರೂ ನೋಡುವಲ್ಲಿ ಇಟ್ಟದ್ದು ನಾನು. ಮೊದ್ಲು ನಿಮ್ಮನ್ನ ಕೇಳ್ಬೇಕಾಗಿತ್ತು, ಕೇಳ್ಲಿಲ್ಲ. ತಪ್ಪಾಯ್ತು," ಎಂದರು. ಎಲ್ಲರ ಎದುರೇ ಮೊಬೈಲ್ ತೆಗೆದು ಚಾನೆಲ್ ಅಳಿಸಿದರು. ಎರಡು ವರ್ಷದ ವಿಡಿಯೋಗಳು ಒಟ್ಟಿಗೆ ಹೋದವು. ಹರಿದಾಡುತ್ತಿದ್ದ ತುಣುಕಿನ ಮೇಲೆ ದೂರು ಕೊಟ್ಟದ್ದಕ್ಕೆ ಅದೂ ಕೆಲವು ಕಡೆ ಹೋಯಿತು, ಕೆಲವು ಕಡೆ ಉಳಿಯಿತು.

ಆ ಸಂಜೆ ತಾಲೂಕಿನ ಮೇಲಧಿಕಾರಿಯೊಬ್ಬರಿಂದ ನನಗೆ ಫೋನ್ ಬಂತು. ಮಕ್ಕಳ ಕೈಗೆ ಮೊಬೈಲ್ ಕೊಡುವ ಪ್ರಯೋಗವನ್ನೇ ನಿಲ್ಲಿಸಿ, ನಿಮಗೂ ಒಳ್ಳೆಯದು, ನಮಗೂ ಒಳ್ಳೆಯದು ಎಂದರು. ನಾನು ಸುಮಲತಾಗೆ ಅದನ್ನು ತಿಳಿಸಿದೆ. ನನಗೂ ಒಳಗೊಳಗೆ ಅದೇ ಬೇಕಿತ್ತು. ಅವರು ಒಪ್ಪಲಿಲ್ಲ.

"ಚಾನೆಲ್ ನಿಂತ್ತು. ಅದು ಸರಿ. ಮಕ್ಳು ಮಾತಾಡೂದು ನಿಲ್ಸೂಕಾಗೂದಿಲ್ಲ. ಈಗ ನಿಲ್ಸಿದ್ರೆ ಮಾತಾಡಿದ್ದೇ ತಪ್ಪು ಹೇಳಿ ಮಕ್ಳಿಗೆ ಕಲ್ಸಿದ ಹಾಗಾಯ್ತದೆ. ಸಾಹೇಬ್ರಿಗೆ ನಾನೇ ಹೇಳ್ತೆ."

ಹೇಳಿಯೂ ಹೇಳಿದರು. ಕಾರವಾರಕ್ಕೆ ಹೋಗಿ, ಅಧಿಕಾರಿಯ ಕೋಣೆಯ ಹೊರಗೆ ಊಟ ಬಿಟ್ಟು ಕಾದು, ಇಂಟರ್ನೆಟ್ಟಿಗೆ ಏನೂ ಹಾಕದೆ ನಡೆಸಲು ಒಪ್ಪಿಗೆ ತಂದರು. ಪಾಲಕರ ಒಪ್ಪಿಗೆಗೆ ಮನೆಮನೆಗೆ ನಡೆದರು. ಕೆಲವರು ಒಪ್ಪಿದರು. ಕೆಲವರು ಬಾಗಿಲಲ್ಲೇ ಮಾತು ಮುಗಿಸಿದರು.

ಪ್ರಗತಿಯ ಮನೆಗೆ ದಿನಾ ಹೋದರು. ಮೊದಲ ದಿನ ಅವಳು ಒಳಗಿನಿಂದ ಹೊರಗೆ ಬರಲಿಲ್ಲ. ಮರುದಿನವೂ ಇಲ್ಲ. ಸುಮಲತಾ ಅವಳ ತಾಯಿಯ ಜೊತೆ ಕೂತು, ಕೊಂಕಣಿಯಲ್ಲಿ ಅದೂ ಇದೂ ಮಾತಾಡಿ ಎದ್ದು ಬರುತ್ತಿದ್ದರು. ಶಾಲೆಯ ಮಾತೇ ಎತ್ತುತ್ತಿರಲಿಲ್ಲ. ಕೊನೆಗೊಮ್ಮೆ ಪ್ರಗತಿಯೇ ಬಾಗಿಲ ಬಳಿ ಬಂದು ನಿಂತು ಹೇಳಿದಳು: "ಮೊಬೈಲ್ ನಾಕಾ." ಬೇಡ ಎಂದರ್ಥ. "ನಾಕಾ," ಎಂದು ಸುಮಲತಾ ಒಪ್ಪಿಕೊಂಡರು. ಸೋಮವಾರ ಅವಳು ಶಾಲೆಗೆ ಬಂದಳು. ಕೊನೆಯ ಸಾಲಿನಲ್ಲಿ ಕೂತಳು. ಮಾತಾಡಲಿಲ್ಲ.

ಉಳಿದ ಮಕ್ಕಳು ಮತ್ತೆ ವಿಡಿಯೋ ಮಾಡತೊಡಗಿದರು, ಆದರೆ ಮೊದಲಿನ ಹುರುಪು ಇರಲಿಲ್ಲ. ಹೇಳಿ ಮುಗಿಸಿ ಸುಮ್ಮನೆ ಹೋಗಿ ಕೂರುತ್ತಿದ್ದರು. ಕಿಶನನಂತೂ ಬಾಯಿಬಿಟ್ಟು ಹೇಳಿದ: "ಯಾರೂ ನೋಡೂದಿಲ್ಲ ಅಂದ್ರೆ ಎಂತಕೆ ಹೇಳೂದು? ಇಲ್ಲಿದ್ದವ್ರಿಗೆಲ್ಲಾ ಗೊತ್ತೇ ಉಂಟು."

ಅವನ ಮಾತಿನಲ್ಲಿ ಹುರುಳಿತ್ತು. ಸುಮಲತಾ ಆ ವಾರವೆಲ್ಲ ಅದನ್ನೇ ಯೋಚಿಸಿದರು. ಕೇಳುವವರು ಬೇಕು, ಆದರೆ ಬೀದಿಯವರೆಲ್ಲ ಬೇಡ. ಶನಿವಾರ ತಾಯಿಯನ್ನು ನೋಡಲು ಹೊರಟವರು ಅಂಕೋಲೆಯಲ್ಲಿ ಇಳಿದು ನೇರ ಬೇಲೇಕೇರಿಗೆ ಹೋಗದೆ ಶೆಟಗೇರಿಗೆ ಹೋದರು. ಅಲ್ಲಿ ಅವರ ಟ್ರೇನಿಂಗ್ ಕಾಲದ ಸಹಪಾಠಿ ಪರಮೇಶ್ವರ ಮಾಸ್ತರು ಇದ್ದರು. ಗದ್ದೆಗಳ ನಡುವಿನ ಊರು. ಅವರ ಶಾಲೆಯ ಮಕ್ಕಳಿಗೆ ಮೀನು ಗೊತ್ತು, ಬಲೆ ಗೊತ್ತಿಲ್ಲ. ನಮ್ಮ ಮಕ್ಕಳಿಗೆ ಅನ್ನ ಗೊತ್ತು, ಸಸಿ ನೆಡುವುದು ಗೊತ್ತಿಲ್ಲ.

"ನಿಮ್ ಮಕ್ಳು ನಮ್ಮವ್ರಿಗೆ ಹೇಳ್ಲಿ, ನಮ್ಮವ್ರು ನಿಮ್ಮವ್ರಿಗೆ ಹೇಳ್ಲಿ. ಇಂಟರ್ನೆಟ್ಟಿಗೆ ಏನೂ ಹಾಕೂದು ಬೇಡ. ಮೆಮೊರಿ ಕಾರ್ಡ್ ನಾನೇ ಹೊತ್ಕಂಡು ಬತ್ತೆ," ಎಂದರು ಸುಮಲತಾ.

ಪರಮೇಶ್ವರ ಮಾಸ್ತರು ಗಟ್ಟಿ ಮನುಷ್ಯ, ಬೇಗ ಒಪ್ಪುವವರಲ್ಲ. "ನನ್ ಶಾಲೇಲೂ ಗಲಾಟೆ ಆದ್ರೆ?" ಎಂದರು.

"ಆದ್ರೆ ನಾ ಬಂದು ನಿಲ್ತೆ. ಈಗ ಅಭ್ಯಾಸ ಆಗ್ಯದೆ," ಎಂದರಂತೆ ಸುಮಲತಾ.

ಹೀಗೆ ಶುರುವಾಯಿತು. ಶನಿವಾರ ನಮ್ಮ ಶಾಲೆಯ ಕಾರ್ಡ್ ಕಾರವಾರದ ಬಸ್ಸಿನಲ್ಲಿ ಅಂಕೋಲೆಗೆ, ಸೋಮವಾರ ಶೆಟಗೇರಿಯ ಕಾರ್ಡ್ ನಮ್ಮ ಶಾಲೆಗೆ. ಎರಡೂ ಕಡೆ ಒಂದೇ ನಿಯಮ: ತನ್ನ ವಿಡಿಯೋ ಬೇಡವೆಂದು ಮಗುವಿಗೆ ಅನಿಸಿದರೆ ಯಾವಾಗ ಬೇಕಾದರೂ ಅಳಿಸಬಹುದು, ಕಾರಣ ಕೇಳುವಂತಿಲ್ಲ. ಮೊದಮೊದಲು ಸುಮಾರು ಮಕ್ಕಳು ಅಳಿಸಿದರು. ಅಳಿಸಬಹುದೆಂದು ನಂಬಿಕೆ ಬಂದ ಮೇಲೆ ಅಳಿಸುವುದು ಕಡಿಮೆಯಾಯಿತು.

ಶೆಟಗೇರಿಯ ಮಕ್ಕಳು ಗದ್ದೆಗೆ ಇಳಿದು ಅಗೆ, ಅಂದರೆ ಭತ್ತದ ಸಸಿ, ತೋರಿಸಿದರು. ಕೋನಗಳ ಪಾಠವನ್ನು ನೇಗಿಲಿನಲ್ಲಿ ಮಾಡಿದರು. ನಮ್ಮವರು ಭರತ ಇಳಿತವನ್ನು ಬಂಡೆಯ ಮೇಲೆ ಗೆರೆ ಹಾಕಿ ತೋರಿಸಿದರು. ಗೋಡೆಗೆ ಬಿಳಿಯ ಪಂಚೆ ಕಟ್ಟಿ, ಹಳೆಯ ಪ್ರೊಜೆಕ್ಟರಿನಲ್ಲಿ ಸೋಮವಾರ ಬೆಳಿಗ್ಗೆ ಎಲ್ಲರೂ ಕೂತು ನೋಡುವುದು ಒಂದು ಸಂಭ್ರಮವಾಯಿತು. ನನ್ನ ನಲಿ-ಕಲಿ ಮಕ್ಕಳೂ ಬಂದು ಮುಂದೆ ಕೂರುತ್ತಿದ್ದರು.

ಅಂಥದೊಂದು ಸೋಮವಾರ ಶೆಟಗೇರಿಯ ಅಮೃತ್ ಎಂಬ ಐದನೇ ತರಗತಿಯ ಹುಡುಗ ಪಂಚೆಯ ಮೇಲೆ ಕಾಣಿಸಿಕೊಂಡ. ಕನ್ನಡಕದ ಹುಡುಗ. ಕೆರೆಯ ಮೀನಿನ ಬಗ್ಗೆ ಹೇಳಿ ಮುಗಿಸಿ, ಕೊನೆಗೆ ಪ್ರಶ್ನೆ ಕೇಳಿದ: "ನಿಮ್ಮ ಊರಲ್ಲಿ ಬಂಗಡೆ ಬಂದ, ಮೋರಿ ಬಂದಳು ಅಂತ ಹೇಳ್ತಾರಂತೆ. ಅದು ಹೇಗೆ? ಮೀನು ನೋಡಿ ಗಂಡು ಹೆಣ್ಣು ಹೇಗೆ ಗೊತ್ತು ಮಾಡ್ತೀರಿ? ನನಗೆ ಗೊತ್ತಾಗಬೇಕು."

ತರಗತಿಯಲ್ಲಿ ಎಲ್ಲರೂ ಹಿಂದೆ ತಿರುಗಿ ಪ್ರಗತಿಯನ್ನು ನೋಡಿದರು. ಅವಳು ತಲೆ ತಗ್ಗಿಸಿದಳು. ನಾನು ಪ್ರೊಜೆಕ್ಟರ್ ಆರಿಸಲು ಎದ್ದೆ. ಸುಮಲತಾ ಕೈ ಅಡ್ಡ ಹಿಡಿದರು.

"ಇರ್ಲಿ. ಆ ಹುಡ್ಗ ನಗೂಕೆ ಕೇಳ್ಲಿಲ್ಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಆಮೇಲೆ ಮಕ್ಕಳ ಕಡೆ ತಿರುಗಿ, "ಒಳ್ಳೇ ಪ್ರಶ್ನೆ. ಇದ್ರ ಉತ್ತರ ಶೆಟಗೇರಿಯವ್ರಿಗೆ ಗೊತ್ತಿಲ್ಲ. ನಮ್ಗೆ ಗೊತ್ತುಂಟಾ?" ಎಂದರು.

ಯಾರಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ದಿನಾ ಹಾಗೇ ಆಡುತ್ತಾರೆ, ಯಾಕೆಂದು ಯಾರೂ ಯೋಚಿಸಿದವರಲ್ಲ. ಸುಮಲತಾ ಹಲಗೆಯ ಮೇಲೆ ಏನೂ ಬರೆಯಲಿಲ್ಲ. ಮನೆಗೆ ಹೋಗಿ ಕೇಳಿಕೊಂಡು ಬನ್ನಿ ಎಂದಷ್ಟೇ ಹೇಳಿ ಬೇರೆ ಪಾಠಕ್ಕೆ ಹೋದರು. ನನಗೆ ಅವರ ಮೇಲೆ ಮತ್ತೆ ಸಿಟ್ಟು ಬಂತು. ಗಾಯದ ಮೇಲೆ ಕೈ ಹಾಕಿದರಲ್ಲ ಎನಿಸಿತು. ಊಟದ ಹೊತ್ತಿಗೆ ಹೇಳಿಯೂ ಬಿಟ್ಟೆ.

"ನಂಗೂ ಹೆದ್ರಿಕೆ ಉಂಟು," ಎಂದರು ಅವರು. "ಆದ್ರೆ ಇದನ್ನ ಮುಚ್ಚಿಟ್ರೆ ಅವ್ಳು ದೊಡ್ಡವ್ಳಾಗೂ ತನಕ ಮುಚ್ಚೇ ಇಡ್ತಾಳೆ. ನಾ ಹಾಗೇ ಮಾಡಿದ್ದೆ."

ಗುರುವಾರ ಪ್ರಗತಿ ಬೇಗ ಬಂದಳು. ನಾವಿಬ್ಬರೂ ಇನ್ನೂ ಬೀಗ ತೆಗೆಯುತ್ತಿದ್ದೆವು. ಅವಳು ಜಗಲಿಯ ಕಂಬ ಹಿಡಿದು ನಿಂತು, ಕಲಿತು ಬಂದದ್ದನ್ನು ಒಪ್ಪಿಸುವವಳಂತೆ ಒಂದೇ ಉಸಿರಿಗೆ ಹೇಳಿದಳು.

"ಅಕ್ಕೋರೆ, ಕೊಂಕಣಿಲಿ ಬಾಂಗಡೊ ಆಯ್ಲೊ ಹೇಳ್ತ್ರು. ಅಪ್ಪ ಬಂದ ಹೇಳೂ ಹಾಗೆ. ಮೋರಿ ಆಯ್ಲಿ ಹೇಳ್ತ್ರು. ಅಕ್ಕ ಬಂದ್ಲು ಹೇಳೂ ಹಾಗೆ. ಸುಂಗಟ ಅಂದ್ರೆ ಸಿಗಡಿ, ಅದು ಬಂತು. ಕುರ್ಲಿ ಅಂದ್ರೆ ಏಡಿ, ಅದು ಹೆಣ್ಣು. ನಾ ಆವತ್ತು ಕೊಂಕಣಿ ಲೆಕ್ಕದಲ್ಲಿ ಕನ್ನಡ ಹೇಳಿದ್ದು. ಆ ಹುಡ್ಗನಿಗೆ ನಾನೇ ಹೇಳ್ತೆ."

ಸುಮಲತಾ ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟು, ಕೂಡಲೇ ಹಿಂತಿರುಗಿ ಕೊಳಾಯಿಯ ಹತ್ತಿರ ಹೋಗಿ ಮುಖ ತೊಳೆದು ಬಂದರು. ಆಮೇಲೆ ಕೇಳಿದ್ದು ಒಂದೇ ಮಾತು: "ಅಪ್ಪನ್ನ ಕೇಳಿದ್ಯಾ?"

ಕೇಳಿರಲಿಲ್ಲ. ಸುಮಲತಾ ಅವಳನ್ನು ಕರೆದುಕೊಂಡು ದಂಡೆಗೆ ಹೋದರು. ಪುಂಡಲೀಕ ಬಲೆ ಸರಿಮಾಡುತ್ತಾ ಕೂತಿದ್ದ. ಮೊದಲಿಗೆ ತಲೆಯೇ ಎತ್ತಲಿಲ್ಲವಂತೆ. ಬೇಡ ಎಂದ. ಒಮ್ಮೆ ಆದದ್ದು ಸಾಕು ಎಂದ. ಸುಮಲತಾ ಒತ್ತಾಯಿಸಲಿಲ್ಲ, ಪ್ರಗತಿಯೇ ಅಪ್ಪನ ಎದುರು ಕುಕ್ಕರಗಾಲಿನಲ್ಲಿ ಕೂತು, ಬಾಂಗಡೊ ಗಂಡು, ಮೋರಿ ಹೆಣ್ಣು ಎಂಬ ತನ್ನ ಇಡೀ ಪಾಠವನ್ನು ಅವನಿಗೆ ಮಾಡಿದಳು. ಕೇಳುತ್ತಾ ಕೇಳುತ್ತಾ ಪುಂಡಲೀಕನ ಸೂಜಿ ನಿಂತಿತು. "ಹಾಗಾದ್ರೆ ತಾರ್ಲೆ?" ಎಂದು ಅವನೇ ಇನ್ನೊಂದು ಮೀನಿನ ಹೆಸರೆತ್ತಿ ಕೇಳಿದ. "ತಾರ್ಲೊ. ಗಂಡು," ಎಂದಳು ಮಗಳು. "ಮೊದ್ಲು ನಂಗೆ ತೋರ್ಸಬೇಕು. ಆಮೇಲೆ ಶೆಟಗೇರಿಗೆ," ಎಂದು ಅವನು ಮತ್ತೆ ಬಲೆಗೆ ಬಗ್ಗಿದ.

ವಿಡಿಯೋವನ್ನು ಕಿಶನ ಹಿಡಿದ. ದಂಡೆಯ ಮೇಲೆ ಬುಟ್ಟಿಯ ಎದುರು ನಿಂತು ಪ್ರಗತಿ ಒಂದೊಂದೇ ಮೀನು ಎತ್ತಿ ಹಿಡಿದು ಹೇಳಿದಳು, ಮನೆಯಲ್ಲಿ ಇದು ಬಂದ, ಶಾಲೆಯಲ್ಲಿ ಇದು ಬಂತು. ಕನ್ನಡದಲ್ಲಿ ಮೀನಿಗೆಲ್ಲ 'ಅದು', ಕೊಂಕಣಿಯಲ್ಲಿ ಒಂದೊಂದು ಮೀನಿಗೆ ಒಂದೊಂದು. ನಡುವೆ ಒಮ್ಮೆ ತಡವರಿಸಿ ನಿಂತಳು. ಸುಮಲತಾ ಉಗುರು ಕಚ್ಚುತ್ತಿದ್ದುದನ್ನು ನಾನು ನೋಡಿದೆ. ಹುಡುಗಿ ಮೀನು ಬುಟ್ಟಿಗೆ ಹಾಕಿ, ಗಂಟಲು ಸರಿಮಾಡಿಕೊಂಡು, ಬಿಟ್ಟಲ್ಲಿಂದ ಮುಂದುವರಿದಳು. ಕೊನೆಗೆ ಅಮೃತ್‌ಗೆ ಪ್ರಶ್ನೆ ಹಾಕಿದಳು: "ನಿಮ್ಮ ಮನೇಲಿ ಶಾಲೇಲಿ ಇಲ್ಲದ ಮಾತು ಯಾವ್ದು ಉಂಟು? ಹೇಳು."

ಶುಕ್ರವಾರ ಸಂಜೆ ಪುಂಡಲೀಕ ಶಾಲೆಗೆ ಬಂದು ಗೋಡೆಯ ಪಂಚೆಯ ಮೇಲೆ ಅದನ್ನು ನೋಡಿದ. ಜೊತೆಗೆ ಹೆಂಡತಿ, ಕೇರಿಯ ಇನ್ನಷ್ಟು ಜನ. ಮುಗಿದ ಮೇಲೆ, "ಇನ್ನೊಂದ್ ಸಲ ಹಾಕಿ," ಎಂದ.

ಶೆಟಗೇರಿಯಿಂದ ಬಂದ ಉತ್ತರ ಒಂದೆರಡಲ್ಲ. ಪ್ರತಿ ಮಗುವೂ ತನ್ನ ಮನೆಯ ಮಾತು ತಂದಿತ್ತು. ಅಜ್ಜಿಯರನ್ನು ಕೇಳಿ ಬಂದವರೇ ಹೆಚ್ಚು. ಪರಮೇಶ್ವರ ಮಾಸ್ತರು ಫೋನ್ ಮಾಡಿ, ವ್ಯಾಕರಣದ ಲಿಂಗಗಳ ಪಾಠವನ್ನು ಈ ವರ್ಷ ತಾನು ಮಾಡಬೇಕಾಗಿಯೇ ಬರಲಿಲ್ಲ ಎಂದರು. ಪ್ರಗತಿ ಅಂಗಡಿಗೆ ಹೋದಾಗ ಹುಡುಗರು ಒಮ್ಮೆ ಮತ್ತೆ "ಬಂಗಡೆ ಬಂದ" ಎಂದು ಕೂಗಿದ್ದುಂಟು. ಅವಳು ನಿಂತು, ಕೊಂಕಣಿಯಲ್ಲಿ ಸಿಗಡಿ ಬಂದದ್ದು ಹೇಗೆ ಹೇಳುವುದೆಂದು ಅವರನ್ನೇ ಕೇಳಿದಳಂತೆ. ಇದನ್ನು ಅವಳು ನನ್ನಲ್ಲಿ ಹೇಳಿದ್ದು ಕನ್ನಡದಲ್ಲಿ.

ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ಚಿತ್ರೀಕರಣಕ್ಕೆ ಒಪ್ಪಿಗೆ ಕೊಡದ ಎರಡು ಮನೆಯವರು ಕೊನೆಗೂ ಕೊಡಲಿಲ್ಲ. ಆ ಮಕ್ಕಳು ದನಿ ಮಾತ್ರ ಕೊಡುತ್ತಾರೆ, ಮುಖ ತೋರಿಸುವುದಿಲ್ಲ. ಮಾತಿನಲ್ಲಿ ಮುಂದೆ ಬಂದ ಕಿಶನ ಬರವಣಿಗೆಯಲ್ಲಿ ಇನ್ನೂ ಒದ್ದಾಡುತ್ತಾನೆ ಎಂದು ಅವನು ಈಗ ಓದುವ ಶಾಲೆಯವರು ಹೇಳುತ್ತಾರೆ. ಅದನ್ನು ಕೇಳಿದ ದಿನ ಸುಮಲತಾ ಮಂಕಾಗಿದ್ದರು. ಮರುದಿನದಿಂದ ಮೂರು ಸಾಲಿನ ಬದಲು ಒಂದು ಪುಟ ಬರೆಯಬೇಕೆಂದು ನಿಯಮ ಬದಲಿಸಿದರು. ಮಕ್ಕಳು ಗೊಣಗಿದರು, ಬರೆದರು.

ಮುಂದಿನ ವರ್ಷ ಅದೇ ಮೇಲಧಿಕಾರಿ ಶಾಲೆಗೆ ಬಂದರು. ಸೋಮವಾರದ ವಿಡಿಯೋ ನೋಡಿ ಖುಷಿಪಟ್ಟರು. "ಚಾನೆಲ್ ಮತ್ತೆ ಶುರು ಮಾಡಿ ಅಕ್ಕೋರೆ. ಜಿಲ್ಲೆಗೆಲ್ಲ ಮಾದರಿ ಆಗುತ್ತದೆ. ಈ ಬಾರಿ ನಾನೇ ಅನುಮತಿ ಬರೆದುಕೊಡುತ್ತೇನೆ," ಎಂದರು.

ನಾನು ಸಂತೋಷದಿಂದ ಸುಮಲತಾ ಮುಖ ನೋಡಿದೆ. ಅವರು ತಲೆ ಅಲ್ಲಾಡಿಸಿದರು.

"ಬೇಡ ಸರ್. ಬೇರೆ ಶಾಲೆಯವ್ರಿಗೆ ಹೇಗೆ ಮಾಡೂದು ಹೇಳಿ ನಾ ಹೋಗಿ ಕಲಿಸ್ತೆ. ಎಲ್ಲಿಗೆ ಬೇಕಾದ್ರೂ ಹೋಗ್ತೆ. ಮಕ್ಳ ಮುಖ ಹೊರಗೆ ಹಾಕೂದಿಲ್ಲ."

"ಒಳ್ಳೆ ಕೆಲಸ ಹತ್ತು ಜನಕ್ಕೆ ಗೊತ್ತಾಗುವುದು ಬೇಡವೇ?"

"ಗೊತ್ತಾಗ್ಲಿ ಸರ್. ಸೋಮವಾರ ಬೆಳಿಗ್ಗೆ ಬಂದು ಮಕ್ಳ ಜೊತೆ ನೆಲದ ಮೇಲೆ ಕೂತು ನೋಡ್ಲಿ."

ಅಧಿಕಾರಿ ನಕ್ಕರು. ಒತ್ತಾಯಿಸಲಿಲ್ಲ. ಸುಮಲತಾ ಹೇಳಿದಂತೆಯೇ ಮಾಡಿದರು. ಆ ಬೇಸಿಗೆಯ ರಜೆಯಲ್ಲಿ ಕಾರವಾರ, ಅಂಕೋಲೆಯ ಶಾಲೆಗಳಿಗೆ ತಿರುಗಿ ಶಿಕ್ಷಕರಿಗೆ ಕಲಿಸಿದರು. ಈಗ ಹೀಗೆ ಜೋಡಿಯಾಗಿ ಕಾರ್ಡ್ ಬದಲಿಸಿಕೊಳ್ಳುವ ಶಾಲೆಗಳು ಇನ್ನೂ ಕೆಲವಿವೆ. ಪ್ರಗತಿ ಸದಾಶಿವಗಡದ ಶಾಲೆಯಲ್ಲಿ ಆರನೇ ತರಗತಿ ಓದುತ್ತಿದ್ದಾಳೆ.

ಈ ಜೂನಿನಲ್ಲಿ ನಮ್ಮಲ್ಲಿಗೆ ಹೊಸ ಹುಡುಗಿಯೊಬ್ಬಳು ಸೇರಿದ್ದಾಳೆ. ಒಡಿಶಾದಿಂದ ಬೋಟಿನ ಕೆಲಸಕ್ಕೆ ಬಂದವರ ಮಗಳು. ಕನ್ನಡವೂ ಇಲ್ಲ, ಕೊಂಕಣಿಯೂ ಇಲ್ಲ. ವಯಸ್ಸಿಗೆ ತಕ್ಕಂತೆ ನಾಲ್ಕನೇ ತರಗತಿಗೆ ಹಾಕಿದೆವು. ಮೊದಲ ವಾರವೆಲ್ಲ ಅವಳು ಬಾಗಿಲನ್ನೇ ನೋಡುತ್ತಾ ಕೂತಳು. ಏನು ಮಾಡುತ್ತೀರಿ ಎಂದು ನಾನು ಸುಮಲತಾ ಅವರನ್ನು ಕೇಳಿದೆ.

"ಅವ್ಳ ಮಾತು ನಂಗೆ ಒಂದೂ ಬರೂದಿಲ್ಲ," ಎಂದರು. "ಮೊದ್ಲು ನಾವು ನಾಲ್ಕು ಮಾತು ಕಲೀಬೇಕು."

ನಾನು ನೋಡುವಾಗ ಅವರು ಹುಡುಗಿಯ ಪಕ್ಕ ಚಾಪೆಯ ಮೇಲೆ ಕೂತಿದ್ದರು. ಎದುರಿಗೆ ಒಂದು ಲೋಟ ನೀರು. ಹುಡುಗಿ ಅದನ್ನು ತೋರಿಸಿ ತನ್ನ ಮಾತಿನಲ್ಲಿ ಏನೋ ಅಂದಳು. ಸುಮಲತಾ ಅದನ್ನು ಹಾಗೆಯೇ ಅನ್ನಲು ನೋಡಿ ತಪ್ಪಿದರು. ಹುಡುಗಿ ತಲೆ ಅಲ್ಲಾಡಿಸಿ ಮತ್ತೆ ಹೇಳಿಕೊಟ್ಟಳು. ಅವರು ಮತ್ತೆ ಪ್ರಯತ್ನಿಸಿದರು.